ಇಡ್ಲಿ ಯಂತ್ರಕ್ಕೊಂದು ಸಣ್ಣ ಪ್ಯಾಕೇಜು

ಕೆಲವರು ಹೋದಲ್ಲೆಲ್ಲ ಛತ್ರಿ ಮರೆತು ಬರುತ್ತಾರೆ. ನಾನು ಹೋದಲ್ಲೆಲ್ಲ ಮರ್ಯಾದೆ ಬಿಟ್ಟು ಬರುತ್ತೇನೆ. ಛತ್ರಿಯಾದರೆ ಯಾರಾದರೂ ಹಿಂದೆ ಓಡಿಬಂದು ಕೊಟ್ಟು ಹೋಗುತ್ತಾರೆ. ಇದನ್ನು ಇದುವರೆಗೆ ಯಾರೂ ತಂದುಕೊಟ್ಟಿಲ್ಲ.

ನಾನು ಧಾರವಾಡ ಕಡೆಯವಳು. ಲಗ್ನವಾಗಿ ಪುಣೆಗೆ ಬಂದವಳು ಮಗರಪಟ್ಟಾದ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕೆ ಸೇರಿದೆ. ಯಂತ್ರಗಳ ಹೊಟ್ಟೆಯೊಳಗೆ ಕಾಣದ ಹಾಗೆ ಒಂದು ಪುಟ್ಟ ಕಂಪ್ಯೂಟರ್ ಕೂತಿರುತ್ತದಲ್ಲ, ಅದಕ್ಕೆ ತಂತ್ರಾಂಶ ಬರೆಯುವುದು ನಮ್ಮ ಕೆಲಸ. ಲಿಫ್ಟು, ನೀರಿನ ಪಂಪು, ಹಾಲು ತಣ್ಣಗಿಡುವ ಟಾಕಿ, ಹೀಗೆ ಒಂದೊಂದಾಗಿ ಮಾಡುತ್ತ ಹೋದ ವರ್ಷ ನಮಗೆ ಇಡ್ಲಿ ಯಂತ್ರ ಬಂತು. ಹೋಟೆಲಿನವರು ಹಿಂದಿನ ದಿನ ಬಾಗಿಲು ಹಾಕುವ ಮೊದಲು ಹಿಟ್ಟು ಹೊಯ್ದ ತಟ್ಟೆಗಳನ್ನು ಒಳಗಿಟ್ಟು ಹೊತ್ತು ಹೇಳಿ ಹೋದರಾಯಿತು. ಅಲ್ಲಿಯ ತನಕ ಯಂತ್ರ ಹಿಟ್ಟು ಹುಳಿಯಾಗದಂತೆ ತಣ್ಣಗಿಟ್ಟುಕೊಂಡು, ಹೇಳಿದ ಹೊತ್ತಿಗೆ ಉಗಿ ಬಿಟ್ಟು, ಬೇಯಿಸಿ, ಗಂಟೆ ಹೊಡೆಯುತ್ತದೆ.

ಇದಕ್ಕೆ ಪ್ರೋಗ್ರಾಮು ಬರೆದರೆ ಮುಗಿಯಲಿಲ್ಲ. ಅದು ಓಡಬೇಕಾದರೆ ಅದರ ಅಡಿಯಲ್ಲಿ ಇನ್ನೊಂದು ತಂತ್ರಾಂಶ ಬೇಕು. ಅದಕ್ಕೆ ರನ್‌ಟೈಮ್ ಅನ್ನುತ್ತೇವೆ. ನಾಟಕ ಬರೆದಾದ ಮೇಲೆ ಸ್ಟೇಜು, ಪರದೆ, ಲೈಟು, ಹಾರ್ಮೋನಿಯಂ ಎಲ್ಲ ಬೇಕಾಗುತ್ತದಲ್ಲ, ಹಾಗೆ. ದೊಡ್ಡ ಕಂಪ್ಯೂಟರಿಗಾದರೆ ಇಡೀ ಸರಂಜಾಮು ತುಂಬಿಬಿಡಬಹುದು. ಆದರೆ ನಮ್ಮ ಸಾಹೇಬರು ಯಾರನ್ನೂ ಕೇಳದೆ ತೀರಾ ಕಡಿಮೆ ಜಾಗ ಇರುವ ಬೋರ್ಡುಗಳನ್ನು, ಅಂದರೆ ಆ ಪುಟ್ಟ ಕಂಪ್ಯೂಟರುಗಳನ್ನು, ರಾಶಿಗಟ್ಟಲೆ ತರಿಸಿಬಿಟ್ಟಿದ್ದರು. ಆ ಜಾಗದಲ್ಲಿ ಹಿಡಿಯುವಂಥ ಅತಿ ಸಣ್ಣ ರನ್‌ಟೈಮ್ ಗಂಟು, ನಮ್ಮ ಮಾತಿನಲ್ಲಿ ಪ್ಯಾಕೇಜು, ಆರಿಸುವುದು, ಬೇಡದ್ದನ್ನೆಲ್ಲ ಕಿತ್ತು ಹಾಕುವುದು ನನ್ನ ಪಾಲಿಗೆ ಬಂತು. ಏನು ಬೇಕು, ಏನು ಬೇಡ ಎಂದು ತೀರ್ಮಾನಿಸುವ ಕೆಲಸ. ಮದುವೆ ಮನೆಯಲ್ಲಿ ಯಾರನ್ನು ಕರೆಯಬೇಕು ಎಂದು ತೀರ್ಮಾನಿಸುವವರಿಗೆ ಎಂಥ ಹೆಸರು ಬರುತ್ತದೋ ಅಂಥದೇ ಹೆಸರು ನನಗೂ ಬಂತು.

ಒಂದು: ಬಾಯಿಲ್ಲದ ಸೊಸೆ

ಬೇಸಿಗೆಯ ಒಂದು ಭಾನುವಾರ. ನಮ್ಮ ಅತ್ತೆಯವರು ಹಾಲ್‌ನಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದರು. ನಾನು ಬಾಲ್ಕನಿಯಲ್ಲಿ ನಿಂತು ಸಾಹೇಬರ ಜೊತೆ ಫೋನಿನಲ್ಲಿ ಮರಾಠಿಯಲ್ಲಿ ವಾದ ಮಾಡುತ್ತಿದ್ದೆ. ಸಾಹೇಬರಿಗೆ ದೊಡ್ಡ ಪ್ಯಾಕೇಜಿನ ಮೇಲೆ ಆಸೆ. ಹೇಗಾದರೂ ತುರುಕಿಬಿಡೋಣ ಅನ್ನುತ್ತಿದ್ದರು.

"ಬೇಡ ಸರ್, ದಯವಿಟ್ಟು ನನಗೆ ದೊಡ್ಡ ಪ್ಯಾಕೇಜು ಬೇಡ," ಎಂದೆ ನಾನು. "ಎಲ್ಲಕ್ಕಿಂತ ಸಣ್ಣದು ಯಾವುದಿದೆಯೋ ಅದನ್ನೇ ಕೊಡಿ. ಅಷ್ಟರಲ್ಲೇ ನಿಭಾಯಿಸಿಕೊಂಡು ಹೋಗ್ತೀನಿ."

ಒಳಗೆ ಬಂದು ನೋಡಿದರೆ ಅತ್ತೆಯವರ ಕೈ ಸೊಪ್ಪಿನ ಮೇಲೆ ನಿಂತುಬಿಟ್ಟಿತ್ತು. ಮರುದಿನದಿಂದ ಮನೆಯಲ್ಲಿ ಚಹಾ ತೆಳ್ಳಗಾಯಿತು. ಬಾಗಿಲಿಗೆ ಬರುವ ಹೂವಿನವಳಿಗೆ "ಸದ್ಯ ಬ್ಯಾಡವಾ" ಅಂದರು. ಪ್ರತಿ ಬೇಸಿಗೆಗೆ ಆಪೂಸ್ ಮಾವಿನಹಣ್ಣಿನ ಪೆಟ್ಟಿಗೆ ಮನೆಗೆ ಬರದೆ ಇದ್ದದ್ದೇ ಇಲ್ಲ. ಆ ವರ್ಷ ಅದು ಬರಲಿಲ್ಲ. ಯಾಕೆಂದು ಕೇಳಿದರೆ "ಈ ಸಲ ರುಚಿ ಇಲ್ಲಂತ" ಅಂದರು. ನನ್ನ ಗಂಡನಿಗೆ ಗುಟ್ಟಾಗಿ "ಆಕಿಗೆ ಏನೂ ಕೇಳಬ್ಯಾಡ, ಮದಲ ಭಾಳ ನೊಂದಾಳ" ಎಂದು ಹೇಳಿದ್ದು ನನಗೆ ಆಮೇಲೆ ಗೊತ್ತಾಯಿತು. ನನ್ನ ಗಂಡನೋ, ಹೇಳಿದ ಮಾತು ಕೇಳುವ ಮಗ. ಕೇಳಲೇ ಇಲ್ಲ.

ಮುಂದೆ ಒಂದು ದಿನ ಸಾಹೇಬರು ನಮ್ಮ ಮನೆಗೆ ಊಟಕ್ಕೆ ಬಂದರು. ಪೂರಿ, ಶ್ರೀಖಂಡ. ಎಲ್ಲರೂ ಕೂತು ಇನ್ನೇನು ತಿನ್ನಬೇಕು ಅನ್ನುವಷ್ಟರಲ್ಲಿ ಅತ್ತೆಯವರು ಸೆರಗು ಸರಿಮಾಡಿಕೊಂಡು ಎದುರು ಬಂದು ನಿಂತರು.

"ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ," ಎಂದರು. ಈ ಮಾತೆಲ್ಲ ನಡೆದದ್ದು ಮರಾಠಿಯಲ್ಲಿ, ಆದರೆ ಅತ್ತೆಯವರ ಮರಾಠಿಗೂ ನಮ್ಮೂರಿನದೇ ರಾಗ. "ನಮ್ಮ ಸೊಸಿಗೆ ಬಾಯಿಲ್ಲ. ಸಣ್ಣ ಪ್ಯಾಕೇಜ್ ಸಾಕು ಅಂದುಬಿಟ್ಟಾಳ. ನೀವರೆ ದೊಡ್ಡ ಮನಸ್ಸು ಮಾಡಬೇಕು."

ಸಾಹೇಬರಿಗೆ ಖುಷಿಯೋ ಖುಷಿ. ಕೊನೆಗೂ ತಮ್ಮ ಪರವಾಗಿ ಮಾತಾಡುವವರು ಸಿಕ್ಕರಲ್ಲ! "ಅಯ್ಯೋ ತಾಯಿ, ನಾನು ಮೊದಲಿನಿಂದ ದೊಡ್ಡದೇ ಕೊಡ್ತೀನಿ ಅಂತಿದ್ದೀನಿ. ಇವರೇ ಒಪ್ಪಲಿಲ್ಲ. ಇಡಲಿಕ್ಕೆ ಜಾಗ ಇಲ್ಲವಂತೆ."

"ಜಾಗಾ ಯಾಕ ಇಲ್ಲರೀ? ಬ್ಯಾಂಕಿನ್ಯಾಗ ಖಾತೆ ಅದ. ಮನ್ಯಾಗ ಕಪಾಟ ಅದ. ನೀವು ಎಷ್ಟ ಕೊಟ್ರೂ ನಾವು ಇಟ್ಕೋತೀವಿ."

ಸಾಹೇಬರು ಕಪಾಟಿನ ಮಾತು ಅರ್ಥವಾಗದಿದ್ದರೂ ಉತ್ಸಾಹ ಬಿಡಲಿಲ್ಲ. "ಇವರ ಹಟ ನೋಡಿ, ಸಣ್ಣದು ತಗೊಂಡು ಸುಮ್ಮನಿದ್ದಾರಾ? ಈ ವಾರ ಅದನ್ನೂ ಕತ್ತರಿಸಿ ಅರ್ಧಕ್ಕೆ ಇಳಿಸಿದ್ದಾರೆ. ನಾವೆಲ್ಲ ಚಪ್ಪಾಳೆ ಹೊಡೆದೆವು!"

"ಅರ್ಧಕ್ಕ?" ಅತ್ತೆಯವರ ಕೈಯಲ್ಲಿದ್ದ ಶ್ರೀಖಂಡದ ಸೌಟು ಸಾಹೇಬರ ತಟ್ಟೆಯ ಮೇಲೆ ಗಾಳಿಯಲ್ಲೇ ನಿಂತಿತು. ಆಮೇಲೆ ಅದು ನಿಧಾನವಾಗಿ ಪಾತ್ರೆಗೆ ವಾಪಸ್ಸು ಹೋಯಿತು.

ನನ್ನ ಬಾಯಲ್ಲಿ ಇಡೀ ಪೂರಿ ಇತ್ತು. ಅದನ್ನು ನುಂಗಿ, ನೀರು ಕುಡಿದು, ಇದು ಪಗಾರದ ಪ್ಯಾಕೇಜಲ್ಲ, ಯಂತ್ರದೊಳಗೆ ಹಾಕುವ ಪ್ಯಾಕೇಜು ಎಂದು ಹೇಳುವಷ್ಟರಲ್ಲಿ ನನ್ನ ಮುಖ ಕಿವಿಯ ತನಕ ಕೆಂಪಾಗಿತ್ತು. ಸಾಹೇಬರು ತಲೆ ತಗ್ಗಿಸಿ ಉಪ್ಪಿನಕಾಯಿ ನೋಡುತ್ತ ಕೂತರು.

ಅತ್ತೆಯವರು ನನ್ನ ಕಡೆ ತಿರುಗಿದರು. "ಹಂಗಾರ ನಿನ್ನ ಪಗಾರ ಇದ್ದಷ್ಟ ಅದ?"

"ಇದ್ದಷ್ಟೇ ಅದ ಅತ್ತೀ."

"ಮತ್ತ ನಾ ಆಪೂಸ್ ಬಿಟ್ಟಿದ್ದು?"

ಹೊರಗೆ ಮಳೆ ಶುರುವಾಗಿತ್ತು. ಪುಣೆಯ ಯಾವ ಗಾಡಿಯಲ್ಲೂ ಒಂದು ಆಪೂಸ್ ಉಳಿದಿರಲಿಲ್ಲ.

ಎರಡು: ತಿನ್ನುವುದು ಕಡಿಮೆ

ಪ್ರೋಗ್ರಾಮು ಓಡುತ್ತ ಓಡುತ್ತ ತನ್ನ ಸುತ್ತ ಬೇಡದ ಸಾಮಾನು ಬಿಸಾಡುತ್ತ ಹೋಗುತ್ತದೆ. ಅದನ್ನು ಬಳಿದು ಜಾಗ ಖಾಲಿ ಮಾಡಲು ರನ್‌ಟೈಮಿನಲ್ಲಿ ಒಂದು ಭಾಗ ಇರುತ್ತದೆ. ಅದರ ಹೆಸರೇ ಗಾರ್ಬೇಜ್ ಕಲೆಕ್ಟರ್. ನಾನಿಟ್ಟ ಹೆಸರಲ್ಲ, ಜಗತ್ತಿನವರೆಲ್ಲ ಹಾಗೇ ಅನ್ನುತ್ತಾರೆ.

ನಮ್ಮ ಅಪಾರ್ಟ್ಮೆಂಟ್ ಸೊಸೈಟಿಯ ತೋಟದಲ್ಲಿ ವಾಕಿಂಗ್ ಮಾಡುತ್ತ ಫೋನಿನಲ್ಲಿ ಸಾಹೇಬರಿಗೆ ಅದರ ವರದಿ ಒಪ್ಪಿಸುತ್ತಿದ್ದೆ. ನನ್ನ ದನಿ ಸ್ವಲ್ಪ ದೊಡ್ಡದು. "ಈ ಗಾರ್ಬೇಜ್ ಕಲೆಕ್ಟರ್ ಏನೂ ಉಪಯೋಗ ಇಲ್ಲ ಸರ್. ಇವನು ಕಸ ಎತ್ತಲಿಕ್ಕೆ ಬಂದರೆ ಉಳಿದವರೆಲ್ಲ ಕೆಲಸ ಬಿಟ್ಟು ನಿಲ್ಲಬೇಕು. ತೆಗೆದುಹಾಕೋಣ. ಇನ್ನೊಬ್ಬ ಸಣ್ಣವನು ಸಿಕ್ಕಿದ್ದಾನೆ. ಸ್ವಲ್ಪ ನಿಧಾನ, ಆದರೆ ತಿನ್ನುವುದು ಬಹಳ ಕಡಿಮೆ."

ತಿನ್ನುವುದು ಅಂದರೆ ಜಾಗ ತಿನ್ನುವುದು. ನಮ್ಮ ಕೆಲಸದಲ್ಲಿ ಹಾಗೆ ಮಾತಾಡುತ್ತೇವೆ.

ಮರುದಿನ ಬೆಳಿಗ್ಗೆ ಬೆಲ್ಲು ಆಯಿತು. ಬಾಗಿಲು ತೆರೆದರೆ ಸೊಸೈಟಿಯ ಚೇರ್ಮನ್ನರು. ಅವರ ಹಿಂದೆ ಟೋಪಿ ಕೈಯಲ್ಲಿ ಹಿಡಿದುಕೊಂಡು ನಮ್ಮ ಬಿಲ್ಡಿಂಗಿನ ಕಸ ಒಯ್ಯುವ ಕಾಕಾ. ಬಹಳ ವರ್ಷದಿಂದ ಇದ್ದವರು, ನಮ್ಮ ಅತ್ತೆಯವರಿಗೆ ಹಬ್ಬಕ್ಕೆ ನಮಸ್ಕಾರ ಹೇಳದೆ ಹೋಗುವವರಲ್ಲ.

"ನಿಮಗೆ ಇವರ ಮೇಲೆ ಏನು ತಕರಾರು?" ಎಂದರು ಚೇರ್ಮನ್ನರು. "ಇದ್ದರೆ ಬರೆದು ಕೊಡಿ, ಮೀಟಿಂಗಿನಲ್ಲಿ ನೋಡೋಣ. ಆದರೆ ಸಣ್ಣವನನ್ನು ಇಡೋಣ, ತಿನ್ನುವುದು ಕಡಿಮೆ ಅಂದಿರಂತೆ. ಅದನ್ನು ನಾನು ಒಪ್ಪೋದಿಲ್ಲ. ನೀವು ಓದಿದವರು. ಚಿಕ್ಕ ಮಕ್ಕಳನ್ನು ಇಂಥ ಕೆಲಸಕ್ಕೆ ಹಚ್ಚುವುದು ಕಾನೂನಿಗೆ ವಿರುದ್ಧ, ಗೊತ್ತಿಲ್ಲವಾ?"

ಎದುರು ಮನೆಯ ಬಾಗಿಲು ಸ್ವಲ್ಪ ತೆರೆಯಿತು. ಮೇಲಿನ ಮೆಟ್ಟಿಲಲ್ಲಿ ಯಾರೋ ಇಳಿಯುತ್ತಿದ್ದವರು ನಿಂತರು. ಕಾಕಾ ನನ್ನ ಮುಖ ನೋಡದೆ ನೆಲ ನೋಡುತ್ತಿದ್ದರು. "ನನ್ನಿಂದ ಏನಾದರೂ ತಪ್ಪಾಗಿದ್ದರೆ ಹೇಳಿ ತಾಯಿ," ಎಂದರು. "ನಾನು ಬಂದಾಗ ನೀವ್ಯಾರೂ ಕೆಲಸ ಬಿಟ್ಟು ನಿಲ್ಲಬೇಕಾಗಿಲ್ಲ. ಡಬ್ಬಿ ಹೊರಗಿಟ್ಟರೆ ಸಾಕು."

ನೆಲ ಬಾಯಿ ಬಿಡಲಿ ಅನ್ನಿಸಿತು. ನಾಲ್ಕನೆಯ ಮಹಡಿಯಾದ್ದರಿಂದ ಬಿಟ್ಟರೂ ಮೂರನೆಯ ಮಹಡಿಯವರ ಹಾಲ್‌ಗೆ ಬೀಳುತ್ತಿದ್ದೆ. ಕೈ ಮುಗಿದು ಹೇಳಿದೆ: "ಕಾಕಾ, ನಿಮ್ಮ ಬಗ್ಗೆ ಅಲ್ಲ. ದೇವರಾಣೆ ಅಲ್ಲ. ನಾನು ಹೇಳಿದ್ದು ಕಂಪ್ಯೂಟರ್ ಒಳಗಿನ ಕಸ ತೆಗೆಯೋದರ ಬಗ್ಗೆ."

ಕಾಕಾ ಅವರ ಮುಖ ಅರಳಿತು. ಟೋಪಿ ತಲೆಗೆ ಹಾಕಿಕೊಂಡರು. "ಹಾಗೆ ಹೇಳಿ ಮತ್ತೆ! ಕಂಪ್ಯೂಟರಿನ ಕಸ ನಮ್ಮದಲ್ಲ ತಾಯಿ. ಅದಕ್ಕೆ ಬೇರೆ ಗಾಡಿ ಬರ್ತದೆ. ಹಳೆ ಬ್ಯಾಟರಿ, ಚಾರ್ಜರ್ ಇದ್ದರೆ ಅದರ ಜೊತೆಗೇ ಕೊಟ್ಟುಬಿಡಿ."

ಮೂರು: ತಪ್ಪೇ ಮಾಡದ ಯಂತ್ರ

ಇಷ್ಟಾದರೂ ಪ್ಯಾಕೇಜು ಬೋರ್ಡಿನಲ್ಲಿ ಹಿಡಿಯಲಿಲ್ಲ. ಆಗ ನಾನು ಒಂದು ಉಪಕರಣ ಹಚ್ಚಿದೆ. ಅದೂ ಒಂದು ಪ್ರೋಗ್ರಾಮೇ. ಇಡೀ ಪ್ಯಾಕೇಜನ್ನು ಸೋಸಿ, ಯಾರೂ ಬಳಸದ ಭಾಗಗಳನ್ನು ತಾನೇ ಹುಡುಕಿ ಕಿತ್ತು ಹಾಕುತ್ತದೆ. ಸಂಜೆ ಹಚ್ಚಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಪ್ಯಾಕೇಜು ಕರಗಿ ಇಷ್ಟೇ ಇಷ್ಟು ಆಗಿತ್ತು. ಬೋರ್ಡಿನಲ್ಲಿ ಹಿಡಿದು, ಮೇಲೆ ಜಾಗವೂ ಉಳಿದಿತ್ತು.

ಯಂತ್ರಕ್ಕೆ ತುಂಬಿ ದಿನವಿಡೀ ಓಡಿಸಿಟ್ಟೆವು. ಒಮ್ಮೆಯೂ ಕೆಂಪು ದೀಪ ಹತ್ತಲಿಲ್ಲ. ಬೋರ್ಡು ಬಿಸಿಯಾಗಲಿಲ್ಲ. ಎಲ್ಲೂ ಸಿಕ್ಕಿಹಾಕಿಕೊಳ್ಳಲಿಲ್ಲ. ಸಾಹೇಬರು ಹೋಗಿ ಬಂದು ಅದನ್ನು ಮುಟ್ಟಿ ನೋಡುತ್ತಿದ್ದರು, ಜ್ವರ ಇಳಿದ ಮಗುವಿನ ಹಣೆ ಮುಟ್ಟಿದ ಹಾಗೆ. ಸಂಜೆಯ ಹೊತ್ತಿಗೆ ಪೇಡೆ ಬಂತು. ಎಲ್ಲರನ್ನೂ ಕರೆದು ನಿಲ್ಲಿಸಿದರು.

"ಇಷ್ಟು ವರ್ಷ ಈ ಕೆಲಸದಲ್ಲಿದ್ದೀನಿ. ಒಂದೇ ಒಂದು ತಪ್ಪಿಲ್ಲದ ತಂತ್ರಾಂಶ ಇವತ್ತೇ ನೋಡ್ತಿರೋದು," ಎಂದು ಹೇಳಿ ನನ್ನ ಕಡೆ ಕೈ ತೋರಿಸಿದರು. ನಾಲ್ಕು ಮಾತಾಡು ಅಂದರು.

ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಸೇರಿಸುವುದು ಯಾರಿಗೂ ಬರುತ್ತದೆ, ಬಿಡುವುದೇ ನಿಜವಾದ ಕಲೆ ಎಂದೆ. ಊರಿಗೆ ಹೋಗುವಾಗ ಕಡಿಮೆ ಗಂಟು ಕಟ್ಟುವವರೇ ಕಾತ್ರಜದ ಸ್ಟಾಪಿನಲ್ಲಿ ಬಸ್ಸು ಹಿಡಿಯುತ್ತಾರೆ ಎಂದೆ. ಚಪ್ಪಾಳೆ ಬಿತ್ತು. ಹುರುಪು ಏರಿ ಇನ್ನೂ ಏನೇನೋ ಹೇಳಿದೆ. ಅದನ್ನೆಲ್ಲ ಇಲ್ಲಿ ಬರೆಯಲಾರೆ.

ಪರೀಕ್ಷಾ ವಿಭಾಗದಲ್ಲಿ ಒಬ್ಬಾಕೆ ಇದ್ದಾಳೆ. ಮಾತು ಕಡಿಮೆ. ಎರಡನೆಯ ಪೇಡೆ ಮುಗಿಸಿ ಕೈ ಒರೆಸಿಕೊಂಡು ಕೇಳಿದಳು: "ಒಂದ್ಸಲ ಉಗಿ ಬಿಟ್ಟು ನೋಡೋಣವಾ?"

ಉಗಿ ಬಿಡಲು ಹೇಳಿದೆವು. ಯಂತ್ರ ಸುಮ್ಮನಿತ್ತು. ಮತ್ತೆ ಹೇಳಿದೆವು. ಸುಮ್ಮನಿತ್ತು. ಒಳಗೆ ಹೊಕ್ಕು ನೋಡಿದಾಗ ಗೊತ್ತಾಯಿತು, ಅದರಲ್ಲಿ ನಮ್ಮ ಪ್ರೋಗ್ರಾಮೇ ಇರಲಿಲ್ಲ. ಆ ಉಪಕರಣಕ್ಕೆ ಒಂದೇ ಲೆಕ್ಕ. ಯಾರೂ ಕರೆಯದವರು ಮನೆಯಲ್ಲಿ ಬೇಡ. ನಮ್ಮ ಪ್ರೋಗ್ರಾಮನ್ನು ಯಾರು ಕರೆಯಬೇಕು? ಅದೇ ಉಳಿದವರನ್ನೆಲ್ಲ ಕರೆಯುವ ಯಜಮಾನ. ಯಜಮಾನನನ್ನು ಬಿಡಬೇಡ ಎಂದು ನಾನು ಅದಕ್ಕೆ ಹೇಳಬೇಕಿತ್ತು, ಮರೆತಿದ್ದೆ. ಅದು ಮೊದಲು ಯಜಮಾನನನ್ನು ಹೊರಗೆ ಹಾಕಿ, ಆಮೇಲೆ ಅವನಿಲ್ಲದ ಮೇಲೆ ಇವರೇಕೆ ಎಂದು ಉಳಿದವರನ್ನೂ ಒಬ್ಬೊಬ್ಬರಾಗಿ ಕಳಿಸಿತ್ತು. ಖಾಲಿ ಮನೆಯಲ್ಲಿ ದಿನವಿಡೀ ಜಗಳವಾಗಲಿಲ್ಲ ಎಂದು ನಾವು ಪೇಡೆ ಹಂಚಿದ್ದೆವು.

ಅಷ್ಟರಲ್ಲಿ ಸಾಹೇಬರ ಫೋನು ಗುಂಯ್ ಅಂದಿತು. ಅವರು ಆಗಲೇ ಕಂಪನಿಯ ಮಾಲೀಕರಿಗೆ ಶುಭ ಸಮಾಚಾರ ಕಳಿಸಿಯಾಗಿತ್ತು. ಉತ್ತರ ಬಂದಿತ್ತು. ಸಾಹೇಬರು ಓದಿ, ಫೋನನ್ನು ನನ್ನ ಕೈಗೇ ಕೊಟ್ಟರು.

"ಅದ್ಭುತ! ಇನ್ನು ಮುಂದೆ ಇದಕ್ಕೆ ಯಾರೂ ಒಂದಿಷ್ಟೂ ಕೈ ಹಚ್ಚಬಾರದು."

ನಾಲ್ಕು: ಚೌಕ ಇಡ್ಲಿ

ಯಂತ್ರವನ್ನು ಮೊದಲು ಕೊಳ್ಳಲಿದ್ದವರು ಸ್ವಾರಗೇಟಿನ ಬಸ್ ನಿಲ್ದಾಣದ ಹತ್ತಿರ ಹೋಟೆಲು ಇಟ್ಟುಕೊಂಡ ಕುಂದಾಪುರ ಕಡೆಯವರು. ಪುಣೆಯಲ್ಲಿ ಇಂಥವರನ್ನು ಊರೆಲ್ಲ ಅಣ್ಣಾ ಅಂತಲೇ ಕರೆಯುತ್ತದೆ, ಹಾಗಾಗಿ ನಾವೂ ಹಾಗೇ. ಅಣ್ಣಾ ಅವರದು ಒಂದೇ ಕೋರಿಕೆ. ಅವರ ಅಡುಗೆಯವರೆಲ್ಲ ಊರ ಕಡೆಯವರು, ಹಾಗಾಗಿ ಯಂತ್ರದ ಪರದೆಯ ಮೇಲೆ ಕನ್ನಡ ಬರಬೇಕು. ನನಗೆ ಹಿಗ್ಗು. ಪುಣೆಯಲ್ಲಿ ಕೂತು ಕನ್ನಡದಲ್ಲಿ ಕೆಲಸ ಮಾಡುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ?

ಅವರು ನೋಡಲು ಬಂದ ದಿನ ಪರದೆಯನ್ನು ಅವರ ಕಡೆ ತಿರುಗಿಸಿ ಸ್ವಿಚ್ಚು ಹಾಕಿದೆ. ಪರದೆಯ ತುಂಬ ಸಾಲು ಸಾಲಾಗಿ ಖಾಲಿ ಚೌಕಗಳು.

ನೋಡಿದ ಕೂಡಲೇ ತಪ್ಪು ಗೊತ್ತಾಯಿತು. ಪ್ಯಾಕೇಜು ಸಣ್ಣದು ಮಾಡುವ ಭರದಲ್ಲಿ ಕನ್ನಡ ಅಕ್ಷರಗಳ ಆಕಾರ ಇರುವ ಭಾಗವನ್ನೇ ಬಿಟ್ಟಿದ್ದೆ. ಅಕ್ಷರ ಗೊತ್ತಿಲ್ಲದಿದ್ದರೆ ಯಂತ್ರ ಒಂದೊಂದಕ್ಕೂ ಒಂದು ಚೌಕ ಹಾಕಿ ಕೈ ತೊಳೆದುಕೊಳ್ಳುತ್ತದೆ.

ಅಣ್ಣಾ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಓಹೋ! ತಟ್ಟೆಯನ್ನೇ ತೋರಿಸ್ತಾ ಉಂಟಲ್ಲ. ಒಂದು ಸಾಲಿಗೆ ಇಷ್ಟು ಇಡ್ಲಿ ಅಂತ. ಒಳ್ಳೇದಾಯ್ತು, ಓದ್ಲಿಕ್ಕೆ ಬಾರದವರಿಗೂ ಗೊತ್ತಾಗ್ತದೆ."

ಅಲ್ಲ ಎಂದು ಹೇಳಲು ಬಾಯಿ ತೆರೆದೆ. "ಹೌದು" ಎಂದು ಹೊರಬಂತು. ನಾಚಿಕೆಯಾದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

"ಆದ್ರೆ ನಮ್ಮ ಇಡ್ಲಿ ಗುಂಡಗೆ ಅಲ್ವಾ ಮೇಡಂ? ಇಲ್ಲಿ ಚೌಕ ಉಂಟು."

"ಗುಂಡಗೆ ಮಾಡಿಕೊಡ್ತೀವಿ."

ಅವರು ಮುಂದಿನ ಗುಂಡಿ ಒತ್ತಿದರು. ‘ನೀರು ಮುಗಿದಿದೆ, ತುಂಬಿಸಿ’ ಎಂದು ಬರಬೇಕಿತ್ತು. ಮತ್ತಷ್ಟು ಚೌಕ ಬಂತು. "ಇದು?"

"ಅದು ಎರಡನೇ ತಟ್ಟೆ."

ಅಣ್ಣಾ ಬೆರಳಿಟ್ಟು ನೋಡುತ್ತ ಹೋದವರು ಎರಡು ಪದಗಳ ನಡುವೆ ಬಿಟ್ಟ ಜಾಗದ ಹತ್ತಿರ ನಿಂತರು. ಅವರ ಹುಬ್ಬು ಮೇಲೇರಿತು. ದನಿ ತಗ್ಗಿಸಿ ಕೇಳಿದರು: "ಇಲ್ಲಿ ಒಂದು ಇಲ್ಲ. ಯಾರೋ ತಿಂದಿದ್ದಾರೆ. ನಿಮ್ಮ ಯಂತ್ರಕ್ಕೆ ಅದೂ ಗೊತ್ತಾಗ್ತದಾ ಮಾರಾಯ್ರೆ?"

ನಾನು ಗೋಡೆ ನೋಡಿದೆ. ಅವರು ಅದನ್ನು ಹೌದು ಎಂದು ತಿಳಿದರು. "ಇದೇ ಬೇಕಿತ್ತು ನನಗೆ! ನಮ್ಮ ಅಡುಗೆಮನೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಇಡ್ಲಿ ಮಾಯ ಆಗ್ತದೆ, ಯಾರನ್ನು ಕೇಳಿದ್ರೂ ನಾನಲ್ಲ ಅಂತಾರೆ." ಯಂತ್ರ ತಗೊಳ್ಳುವುದೇ ಸೈ ಎಂದು ಸಾಹೇಬರ ಕೈ ಕುಲುಕಿ ಹೊರಟರು.

ಸಂಜೆಯವರೆಗೆ ಒದ್ದಾಡಿದೆ. ಕೊನೆಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅದು ತಟ್ಟೆಯಲ್ಲ, ಕನ್ನಡ ಬಾರದೆ ಯಂತ್ರ ತೊದಲಿದ್ದು ಎಂದೆ. ಅಣ್ಣಾ ಗಟ್ಟಿಯಾಗಿ ನಕ್ಕರು.

"ಹೋಗ್ಲಿ ಬಿಡಿ ಮೇಡಂ. ನೀವು ಅಕ್ಷರ ಹಾಕಿ ಕೊಡಿ. ಆದ್ರೆ ನಮ್ಮ ಅಡುಗೆಯವರಿಗೆ ಇದನ್ನು ಹೇಳ್ಬೇಡಿ. ಹೊಸ ಯಂತ್ರ ಬರ್ತದೆ, ಅದಕ್ಕೆ ಎಲ್ಲ ಗೊತ್ತಾಗ್ತದೆ ಅಂತ ನಾನು ಆಗಲೇ ಹೇಳಿ ಆಯ್ತು. ಮಧ್ಯಾಹ್ನದಿಂದ ಒಂದೂ ಇಡ್ಲಿ ಕಡಿಮೆ ಆಗ್ಲಿಲ್ಲ."

ಐದು: ಬೆಳಿಗ್ಗೆ ಐದು ಗಂಟೆ

ಅಕ್ಷರ ಸೇರಿಸಿ, ಇನ್ನೇನನ್ನೋ ಬಿಟ್ಟು, ಅಂತೂ ಚಳಿಗಾಲದಲ್ಲಿ ಯಂತ್ರ ಹೋಟೆಲಿಗೆ ಹೋಯಿತು. ಮೊದಲ ದಿನ ಐದಕ್ಕೆ ಉಗಿ ಶುರುವಾಗಿ, ಆರಕ್ಕೆ ಬಾಗಿಲು ತೆರೆಯುವಾಗ ಬಿಸಿ ಇಡ್ಲಿ ಸಿದ್ಧವಿರಬೇಕು. ಅಣ್ಣಾ ಪ್ರೀತಿಯಿಂದ ನನ್ನನ್ನೂ ಸಾಹೇಬರನ್ನೂ ಕರೆದಿದ್ದರು. ನಮ್ಮ ಅತ್ತೆಯವರೂ ಹೊಸ ಇಳಕಲ್ ಸೀರೆ ಉಟ್ಟು ಬಂದರು, ಸೊಸೆ ಮಾಡಿದ ಇಡ್ಲಿ ತಿನ್ನಲು. ಅಡುಗೆಮನೆಯಲ್ಲಿ ನಾನು ಮಾಡುವ ಇಡ್ಲಿಯನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಯಂತ್ರಕ್ಕೆ ಸೇವಂತಿಗೆ ಮಾಲೆ. ಮುಂದೆ ಒಡೆದ ತೆಂಗಿನಕಾಯಿ. ಪರದೆಯ ಮೇಲೆ ದುಂಡು ದುಂಡು ಕನ್ನಡದಲ್ಲಿ ‘ಇಡ್ಲಿ ಬೇಯುವ ಹೊತ್ತು: ಬೆಳಿಗ್ಗೆ ೫’. ಹೊರಗೆ ಊರ ಕಡೆಯ ಬಸ್ಸುಗಳಿಂದ ಇಳಿದ ಜನ ಶಾಲು ಹೊದ್ದು ಕಾಯುತ್ತಿದ್ದರು. ಆರಕ್ಕೆ ಹತ್ತು ನಿಮಿಷವಿತ್ತು.

"ಎಷ್ಟು ಶಾಂತ ನೋಡಿ," ಎಂದರು ಸಾಹೇಬರು ಹೆಮ್ಮೆಯಿಂದ. "ಸದ್ದೇ ಇಲ್ಲ."

ಸದ್ದೇ ಇಲ್ಲ ಎನ್ನುವುದು ನನಗೂ ಗೊತ್ತಾಗಿತ್ತು. ಉಗಿಯೂ ಇರಲಿಲ್ಲ. ಬಾಗಿಲು ತೆರೆದರೆ ತಣ್ಣಗಿನ ಗಾಳಿ ಮುಖಕ್ಕೆ ಹೊಡೆಯಿತು. ತಟ್ಟೆಗಳಲ್ಲಿ ಹಿಟ್ಟು ಹೊಯ್ದದ್ದು ಹೊಯ್ದ ಹಾಗೇ.

"ಎಂತ ಮೇಡಂ, ಐದು ಆಗಿ ಹೋಯ್ತಲ್ಲ," ಎಂದರು ಅಣ್ಣಾ ಮೆಲ್ಲಗೆ. "ಅದು ನಾಳೆಯ ಐದಾ?"

"ಯಾರೂ ಮುಟ್ಟಬೇಡಿ, ಈಗ ಹುಡುಕ್ತೀನಿ," ಎಂದು ಲ್ಯಾಪ್‌ಟಾಪು ಹಚ್ಚಿ ಕೂತೆ. ಅಟ್ಟದಿಂದ ಹಳೆಯ ಇಡ್ಲಿ ಪಾತ್ರೆ ಇಳಿಯಿತು. ಅಡುಗೆಯವರು ನನ್ನನ್ನು ದಾಟಿ ದಾಟಿ ಓಡಾಡಿದರು. ಬಸ್ಸಿನವರು ಉಪ್ಪಿಟ್ಟು ತಿಂದು ಹೋದರು. ಅತ್ತೆಯವರು ಹೊರಗೆ ಟೇಬಲ್ಲಿನಲ್ಲಿ ಕೂತು, ಪಕ್ಕದವರಿಗೆ "ನಮ್ಮಾಕಿ ಹುಷಾರ ಇದ್ದಾಳ, ಯಂತ್ರಾನ ಸರಿ ಇಲ್ಲ" ಎಂದು ಹೇಳುವುದು ಕೇಳಿಸುತ್ತಿತ್ತು. ನಾನು ಎಲ್ಲ ಕಡೆ ಹುಡುಕಿದೆ. ಒಂದು ತಪ್ಪೂ ಸಿಗಲಿಲ್ಲ. ಕಣ್ಣಿನಲ್ಲಿ ನೀರು ಬರುವುದೊಂದು ಬಾಕಿ. ಆಮೇಲೆ ಅದೂ ಬಂತು.

ಹತ್ತೂವರೆಗೆ, ನಾನು ಏನೂ ಮಾಡದೆ ತಲೆ ಮೇಲೆ ಕೈಹೊತ್ತು ಕೂತಿದ್ದಾಗ, ಯಂತ್ರ ಒಮ್ಮೆ ಗುರ್ ಅಂದು ಉಗಿ ಬಿಡತೊಡಗಿತು. ಅಡುಗೆಮನೆಯವರೆಲ್ಲ ಚಪ್ಪಾಳೆ ತಟ್ಟಿದರು. "ಮೇಡಂ ರಿಪೇರಿ ಮಾಡಿದ್ರು!" ಸಾಹೇಬರು ಓಡಿ ಬಂದು ಬೆನ್ನು ತಟ್ಟಿದರು. ಅಣ್ಣಾ ಕಾಫಿ ತರಿಸಿದರು. ಮಾಡದ ರಿಪೇರಿಗೆ ಸಿಕ್ಕ ಆ ಚಪ್ಪಾಳೆಯಷ್ಟು ನಾಚಿಕೆ ನನಗೆ ಯಾವ ಬೈಗುಳದಿಂದಲೂ ಆಗಿಲ್ಲ.

ಕಾಫಿ ಕುಡಿಯುತ್ತ ಗಡಿಯಾರ ನೋಡಿದಾಗ ಹೊಳೆಯಿತು. ಜಗತ್ತಿಗೆಲ್ಲ ಒಂದು ಮೂಲ ಹೊತ್ತು ಇದೆ, ಲಂಡನ್ ಕಡೆಯದು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ತಾಸು ಮುಂದೆ. ಯಾವ ಊರು ಎಷ್ಟು ಹಿಂದೆ, ಎಷ್ಟು ಮುಂದೆ ಎನ್ನುವ ವಿವರ ರನ್‌ಟೈಮಿನ ಒಂದು ಭಾಗದಲ್ಲಿ ಇರುತ್ತದೆ. ಈ ಯಂತ್ರ ಪುಣೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಇದಕ್ಕೆ ಜಗತ್ತಿನ ಊರುಗಳೆಲ್ಲ ಯಾಕೆ ಎಂದು ಅದನ್ನು ನಾನು ತೆಗೆದುಹಾಕಿದ್ದೆ. ಜಗತ್ತಿನ ಜೊತೆ ಪುಣೆಯೂ ಹೋಗಿತ್ತು. ಯಂತ್ರದ ಐದು ಲಂಡನ್ನಿನ ಐದು, ನಮ್ಮ ಹತ್ತೂವರೆ. ಆಫೀಸಿನಲ್ಲಿ ನಾವು ಯಾವಾಗಲೂ ‘ಇನ್ನು ಹತ್ತು ನಿಮಿಷಕ್ಕೆ ಬೇಯಿಸು’ ಎಂದೇ ಪರೀಕ್ಷೆ ಮಾಡಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

ಅಣ್ಣಾ ಅವರಿಗೆ ಎಲ್ಲ ಹೇಳಿ, "ಎರಡು ದಿನ ಕೊಡಿ, ಸರಿಮಾಡಿ ತರ್ತೀನಿ" ಎಂದೆ. ಅವರು ನನ್ನ ಕಣ್ಣು ನೋಡಿದರು. "ಅಷ್ಟಕ್ಕೆಲ್ಲ ಅಳ್ತಾರಾ? ಮೊದಲನೇ ದೋಸೆ ಯಾರದ್ದೂ ಹೆಂಚಿಂದ ಏಳುವುದಿಲ್ಲ," ಎಂದು ಒಂದು ಪೊಟ್ಟಣ ಇಡ್ಲಿ ಕಟ್ಟಿ ಕೊಟ್ಟರು.

ಎರಡು ದಿನ ಬಿಟ್ಟು ಮಧ್ಯಾಹ್ನ ಹೊಸ ಪ್ಯಾಕೇಜು ತೆಗೆದುಕೊಂಡು ಹೋದೆ. ಅಣ್ಣಾ ಗಲ್ಲಾಪೆಟ್ಟಿಗೆಯ ಕುರ್ಚಿಯಿಂದ ಎದ್ದು ಬಂದರು. "ಸುಮ್ಮನೆ ಯಾಕೆ ಬಂದ್ರಿ ಮೇಡಂ? ಈಗ ಎಲ್ಲ ಸರಿ ಉಂಟು. ನಿನ್ನೆ ಇವತ್ತು ಎರಡು ದಿನವೂ ಇಡ್ಲಿ ಸರಿಯಾಗಿ ಐದಕ್ಕೇ ಬೆಂದಿದೆ."

ಎಂಥ ದೊಡ್ಡ ಮನುಷ್ಯ! ನನ್ನ ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡೆ. "ಇಲ್ಲ ಅಣ್ಣಾ, ನೀವು ಒಳ್ಳೆಯವರು, ಹಾಗಂತ ಬಿಡೋಕಾಗಲ್ಲ," ಎಂದೆ.

"ಇಲ್ಲ ಮೇಡಂ, ನಿಜವಾಗ್ಲೂ..."

"ನೀವು ಏನೂ ಹೇಳಬೇಡಿ, ಪ್ಲೀಸ್."

ಅವರು ಬದಿಗೆ ಸರಿದರು. ಅಡುಗೆಯವರ ಮುಖ ನೋಡುವ ಧೈರ್ಯ ಇಲ್ಲದೆ ನಾನು ಯಂತ್ರದ ಹಿಂದುಗಡೆ, ಗೋಡೆಗೂ ಅದಕ್ಕೂ ನಡುವಿನ ಸಂದಿಯಲ್ಲಿ ನುಸುಳಿ, ಅಲ್ಲಿಂದಲೇ ವೈರು ಚುಚ್ಚಿ ಹೊಸ ಪ್ಯಾಕೇಜು ಹಾಕಿದೆ. ಮುಂದಿನ ಪರದೆಯ ಕಡೆ ತಿರುಗಿಯೂ ನೋಡಲಿಲ್ಲ. ಈಗ ಯಂತ್ರಕ್ಕೆ ಪುಣೆಯ ಹೊತ್ತು ಗೊತ್ತಿತ್ತು. ಬಹಳ ದಿನಗಳ ಮೇಲೆ ನೆಟ್ಟಗೆ ನಿದ್ದೆ ಬಂತು.

ಬೆಳಿಗ್ಗೆ ಅಣ್ಣಾ ಅವರ ಫೋನು.

"ಮೇಡಂ, ಇಡ್ಲಿ ಬೆಂದಿದೆ."

"ಸಂತೋಷ ಅಣ್ಣಾ! ಐದಕ್ಕೆ ಸರಿಯಾಗಿ ಬೆಂತಾ?"

"ಇಲ್ಲ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಬೆಂದಿದೆ. ಹೋಟೆಲಿಗೆ ಬೀಗ ಹಾಕಿತ್ತು. ಪಾಪ ಎಷ್ಟು ಗಂಟೆ ಹೊಡ್ಕೊಂಡಿತೋ. ಈಗ ತೆಗೆದು ನೋಡಿದ್ರೆ ಇಡ್ಲಿ ಅಲ್ಲ, ಕಲ್ಲು."

ಕಾರಣವನ್ನೂ ಅವರೇ ಹೇಳಿದರು. ಮೊದಲ ದಿನ ಐದು ಎಂದದ್ದಕ್ಕೆ ಹತ್ತೂವರೆಗೆ ಬೆಂದಿತಲ್ಲ, ಹಾಗಾದರೆ ಐದೂವರೆ ತಾಸು ಹಿಂದಿನ ಹೊತ್ತು ಹೇಳಿದರೆ ಐದಕ್ಕೆ ಬೇಯಬೇಕು ಎಂದು ಲೆಕ್ಕ ಹಾಕಿ, ಯಂತ್ರಕ್ಕೆ ರಾತ್ರಿ ಹನ್ನೊಂದೂವರೆ ಎಂದು ಒತ್ತಿಟ್ಟಿದ್ದರಂತೆ. ಎರಡು ದಿನ ಬೆಳಿಗ್ಗೆ ಐದಕ್ಕೆ ಸರಿಯಾಗಿ ಉಗಿ ಬಿಟ್ಟು ಇಡ್ಲಿ ಕೊಟ್ಟಿತಂತೆ. ನಾನು ಪುಣೆಯ ಹೊತ್ತು ತುಂಬಿದ ಮೇಲೂ ಆ ಹನ್ನೊಂದೂವರೆ ಹಾಗೇ ಉಳಿದಿತ್ತು.

"ಮತ್ತೆ ನನಗೆ ಯಾಕೆ ಹೇಳಲಿಲ್ಲ ಅಣ್ಣಾ?"

"ಹೇಳ್ಲಿಕ್ಕೆ ಬಂದೆ, ನೀವು ಬಿಡ್ಲಿಲ್ಲ. ನಿಮಗೆ ಮತ್ತೆ ನಾಚಿಕೆ ಆಗ್ತದೆ ಅಂತ ನಾನೂ ಸುಮ್ಮನಾದೆ." ಆ ಕಡೆಯಿಂದ ಒಂದು ಇಡ್ಲಿಯನ್ನು ಟೇಬಲ್ಲಿಗೆ ಕುಟ್ಟಿದ ಸದ್ದು ಕೇಳಿಸಿತು. ಟಣ್ ಎಂದಿತು. ಅಣ್ಣಾ ನಿಟ್ಟುಸಿರು ಬಿಟ್ಟರು.

"ಸುಳ್ಳು ಹೇಳುವಾಗ ಎಷ್ಟು ಚಂದ ಕೆಲಸ ಮಾಡ್ತಿತ್ತು ಮಾರಾಯ್ರೆ! ನೀವು ಬಂದು ಅದಕ್ಕೆ ಸತ್ಯ ಹೇಳ್ಲಿಕ್ಕೆ ಕಲಿಸಿ ನನ್ನ ಇಡ್ಲಿ ಕೆಡಿಸಿದ್ರಿ."